ಹಳೇ ವರ್ಷನ್ನಿಗೆ ಫಿಕ್ಸ್, ಹೊಸದಕ್ಕೆ ಫೀಚರ್: ಸಣ್ಣ ತಂಡ ಸ್ಟೇಬಲ್ ಬ್ರಾಂಚ್ ಬೇರೆ ಇಡುವುದು ಹೇಗೆ?

ಕ್ಯಾತ್ಸಂದ್ರ ಕೋಡರ್

ನಮ್ಮದು ತುಮಕೂರಿನಲ್ಲಿ ಒಂದು ಸಣ್ಣ ತಂಡ. ಹಳ್ಳಿ ಡೈರಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಬೆಳಿಗ್ಗೆ, ಸಂಜೆ ಹಾಲು ಹಾಕುವಾಗ ಅಳತೆ, ಫ್ಯಾಟ್ (ಕೊಬ್ಬು), ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ) ತಗೊಂಡು ದರ ಲೆಕ್ಕ ಹಾಕಿ ಚೀಟಿ ಕೊಡುವ ಕೆಲಸ ಅದು. ಗುಬ್ಬಿ, ಕುಣಿಗಲ್, ಕೊರಟಗೆರೆ ಕಡೆ ಓಡುತ್ತಿದೆ. ಎಲ್ಲಾ ಹಳೇ ಕಂಪ್ಯೂಟರ್. ನೆಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಪ್‌ಡೇಟ್ ಎಷ್ಟೋ ಕಡೆ ಪೆನ್‌ಡ್ರೈವ್‌ನಲ್ಲೇ ಹೋಗುತ್ತದೆ.

ಕೆಲವು ಡೈರಿಯವರಿಗೆ ಹೊಸದು ಬೇಕು: ಪಶು ಆಹಾರದ ಸಾಲವನ್ನು ಬಟವಾಡೆಯಲ್ಲೇ ಹಿಡಿಯಬೇಕು, ರೈತರ ಮೊಬೈಲಿಗೆ ಮೆಸೇಜ್ ಹೋಗಬೇಕು. ಇನ್ನು ಕೆಲವು ಕಾರ್ಯದರ್ಶಿಗಳು "ಈಗ ಇರುವುದು ಚೆನ್ನಾಗಿದೆ, ಏನೂ ಮುಟ್ಟಬೇಡಿ" ಅನ್ನುತ್ತಾರೆ. ಇಬ್ಬರದೂ ಸರಿಯಾದ ಮಾತೇ. ಆದರೆ ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ನಮ್ಮ ಕೋಡ್ ಇರುವುದು ಒಂದೇ ಬ್ರಾಂಚಿನಲ್ಲಿ (ಕವಲಿನಲ್ಲಿ), ಮೇನ್‌ನಲ್ಲಿ.

ಈಗ ಒಂದು ಬಗ್ ಸಿಕ್ಕಿದೆ. ಮಷಿನ್ 4.35 ಫ್ಯಾಟ್ ಕೊಡುತ್ತದೆ. ರೇಟ್ ಚಾರ್ಟಿನಲ್ಲಿ ಸಾಲು ಹುಡುಕಲು ಅದನ್ನು 100ರಿಂದ ಗುಣಿಸಿ ಪೂರ್ಣಾಂಕ ಮಾಡುತ್ತೇವೆ. ಕಂಪ್ಯೂಟರ್ ಒಳಗೆ ಅದು 435 ಆಗುವುದಿಲ್ಲ, 434.99999999999994 ಆಗುತ್ತದೆ. ಚುಕ್ಕೆ ಆಚೆಗಿನದು ಕಿತ್ತುಹೋಗಿ 434 ಉಳಿಯುತ್ತದೆ. ರೈತನಿಗೆ ಒಂದು ಮೆಟ್ಟಿಲು ಕೆಳಗಿನ ದರ ಬೀಳುತ್ತದೆ. ಪೈಸೆ ಲೆಕ್ಕ ನಿಜ, ಆದರೆ ಅದು ರೈತನ ಪೈಸೆ. ಇವತ್ತೇ ಫಿಕ್ಸ್ ಹೋಗಬೇಕು.

ಫಿಕ್ಸ್ ಸುಲಭ. ಆದರೆ ಮೇನ್‌ನಲ್ಲಿ ಸಾಲ ಹಿಡಿಯುವ ಫೀಚರ್ ಅರ್ಧ ಆಗಿ ಕೂತಿದೆ. ಮೇನ್‌ನಿಂದ ಬಿಲ್ಡ್ ಮಾಡಿದರೆ ಅದೂ ಜೊತೆಗೆ ಹೋಗುತ್ತದೆ. ಫಿಕ್ಸ್ ಮಾತ್ರ ಹೋಗುವ ಸ್ಟೇಬಲ್ ಬ್ರಾಂಚ್ ಬೇರೆ ಮಾಡೋಣ ಅಂತ ನನ್ನ ಯೋಚನೆ. ಸಣ್ಣ ತಂಡದಲ್ಲಿ ಇದನ್ನು ನಡೆಸುತ್ತಿರುವವರು ಇದ್ದರೆ ಹೇಳಿ.

ಗುಬ್ಬಿ ಗೇಟ್

ಬ್ರಾಂಚ್ ಮಾಡಬೇಡಿ. ಎರಡು ಬ್ರಾಂಚ್ ಅಂದರೆ ಎರಡು ಸಲ ಟೆಸ್ಟ್, ಎರಡು ಸಲ ಬಿಲ್ಡ್. ಅರ್ಧ ಆಗಿರುವ ಫೀಚರ್‌ಗೆ ಒಂದು ಫ್ಲ್ಯಾಗ್ (ಆನ್-ಆಫ್ ಮಾಡುವ ಸ್ವಿಚ್) ಹಾಕಿ, ಆಫ್ ಇಡಿ, ಮೇನ್‌ನಿಂದಲೇ ರಿಲೀಸ್ ಮಾಡಿ.

ಚಿಂತಾಮಣಿ ಸಿಸ್ಟಂ

ಫ್ಲ್ಯಾಗ್ ಒಳ್ಳೆಯದೇ. ಆದರೆ ಇಲ್ಲಿ ಅದೊಂದೇ ಸಾಲದು. ಫ್ಲ್ಯಾಗ್ ಆಫ್ ಇದ್ದರೂ ಹೊಸ ಕೋಡ್ ಡೈರಿಯ ಕಂಪ್ಯೂಟರಿಗೆ ಹೋಗಿಯೇ ಹೋಗುತ್ತದೆ. ಹೊಸ ಟೇಬಲ್ ಡೇಟಾಬೇಸಿಗೆ ಬರುತ್ತದೆ. ಹೊಸ ಲೈಬ್ರರಿ ಬೇಕಾದರೆ ಅದೂ ಬರುತ್ತದೆ. "ಏನೂ ಮುಟ್ಟಬೇಡಿ" ಅಂದ ಕಾರ್ಯದರ್ಶಿಗೆ ಕೊಟ್ಟ ಮಾತು ಅಲ್ಲಿಗೆ ಮುಗಿಯಿತು.

ಸ್ಟೇಬಲ್ ಬ್ರಾಂಚ್‌ಗೆ ಬೆಲೆ ಬರುವುದು ಅದರೊಳಗೆ ಏನನ್ನು ಬಿಟ್ಟುಕೊಳ್ಳುವುದಿಲ್ಲ ಎಂಬುದರಿಂದ. ಬ್ರಾಂಚ್ ಮಾಡುವುದು ಒಂದು ಕಮಾಂಡಿನ ಕೆಲಸ. ಆಮೇಲೆ ದಿನಾ "ಇದು ಬೇಡ" ಅನ್ನುವುದು ಕಷ್ಟ.

ಲಿನಕ್ಸ್ ಕರ್ನಲ್‌ನ (ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳು) ಕಥೆ ನೋಡಿ. ಮೊದಲು ಅಲ್ಲಿ ಸಮ ಸಂಖ್ಯೆ ಅಂದರೆ ಸ್ಟೇಬಲ್, ಬೆಸ ಸಂಖ್ಯೆ ಅಂದರೆ ಹೊಸ ಕೆಲಸ. 2.4 ಜನ ಬಳಸುವುದಕ್ಕೆ, 2.5 ಡೆವಲಪರ್‌ಗಳಿಗೆ. 2.5 ಶುರುವಾಗಿದ್ದು 2001ರ ನವೆಂಬರ್‌ನಲ್ಲಿ. ಅದು ಬೆಳೆದು 2.6.0 ಆಗಿ ಬಂದಿದ್ದು 2003ರ ಡಿಸೆಂಬರ್‌ನಲ್ಲಿ. ಎರಡು ವರ್ಷಕ್ಕೂ ಜಾಸ್ತಿ. ಅಷ್ಟು ದಿನ ಯಾರು ಕಾಯುತ್ತಾರೆ? ಕಂಪನಿಗಳು ಹೊಸ ಫೀಚರ್‌ಗಳನ್ನು 2.5ರಿಂದ ಎತ್ತಿ ತಮ್ಮ ತಮ್ಮ 2.4ಕ್ಕೆ ತುಂಬಿಕೊಂಡವು. ಹೆಸರಿಗೆ ಎಲ್ಲರದೂ 2.4, ಒಳಗೆ ಒಬ್ಬೊಬ್ಬರದು ಒಂದೊಂದು ಥರ.

2.6 ಬಂದ ಮೇಲೆ ಆ ಪದ್ಧತಿ ಬಿಟ್ಟರು. ಈಗ ಮೇನ್‌ಲೈನ್ (ಅವರ ಮೇನ್ ಬ್ರಾಂಚ್) ಸುಮಾರು 9-10 ವಾರಕ್ಕೊಮ್ಮೆ ಹೊಸ ವರ್ಷನ್ ಕೊಡುತ್ತದೆ. ಮೊದಲ ಎರಡು ವಾರ ಮಾತ್ರ ಹೊಸ ಫೀಚರ್ ಒಳಗೆ, ಆಮೇಲೆ ಬರೀ ಫಿಕ್ಸ್. ರಿಲೀಸ್ ಆದ ಮೇಲೆ ಆ ವರ್ಷನ್ನಿಗೆ ಬೇರೆ ಸ್ಟೇಬಲ್ ಬ್ರಾಂಚ್. ಇದನ್ನು 2005ರ ಮಾರ್ಚ್‌ನಲ್ಲಿ 2.6.11ರಿಂದ ಗ್ರೆಗ್ ಕ್ರೋ-ಹಾರ್ಟ್‌ಮನ್ ಮತ್ತು ಕ್ರಿಸ್ ರೈಟ್ ಶುರು ಮಾಡಿದರು. ಅದರ ನಿಯಮಗಳು ಇವತ್ತಿಗೂ ಒಂದು ಪುಟದಲ್ಲಿ ಮುಗಿಯುತ್ತವೆ. ಆ ಫಿಕ್ಸ್ ಮೊದಲೇ ಮೇನ್‌ಲೈನ್‌ನಲ್ಲಿ ಇರಬೇಕು. ಸುತ್ತಲಿನ ಸಾಲುಗಳೂ ಸೇರಿ 100 ಸಾಲು ಮೀರಬಾರದು. ಜನರಿಗೆ ನಿಜವಾಗಿ ತೊಂದರೆ ಕೊಡುತ್ತಿರುವ ಬಗ್ ಆಗಿರಬೇಕು. ಕಾಗುಣಿತ ತಿದ್ದಿದೆ, ಖಾಲಿ ಜಾಗ ಸರಿ ಮಾಡಿದೆ ಅಂತ ಕಳಿಸಿದರೆ ತಗೊಳ್ಳುವುದಿಲ್ಲ.

ನಿಮ್ಮ 4.35 ಫಿಕ್ಸ್ ಈ ನಿಯಮಗಳಿಗೆ ಹೇಳಿ ಮಾಡಿಸಿದ ಹಾಗಿದೆ. ಈಗ ಡೈರಿಗಳಲ್ಲಿ ಇರುವ ವರ್ಷನ್ ಟ್ಯಾಗ್ (ಗಿಟ್‌ನಲ್ಲಿ ಗುರುತು) ಆಗಿದೆಯಾ? ಆಗಿದ್ದರೆ ಆ ಟ್ಯಾಗಿನಿಂದಲೇ ಬ್ರಾಂಚ್ ಎಳೆಯಿರಿ. ಇವತ್ತಿನ ಮೇನ್‌ನಿಂದ ಬೇಡ.

ಕ್ಯಾತ್ಸಂದ್ರ ಕೋಡರ್

ಟ್ಯಾಗ್ ಇದೆ, 4.2.0.

ತಿಪಟೂರು ಟೆಸ್ಟರ್

ಒಂದು ಅನುಮಾನ. ಫಿಕ್ಸ್ ಅರ್ಜೆಂಟಾಗಿ ಬೇಕಿರುವುದು ಸ್ಟೇಬಲ್‌ಗೆ ಅಲ್ವಾ? ಹಾಗಿದ್ದ ಮೇಲೆ ಮೊದಲು ಮೇನ್‌ಗೆ ಯಾಕೆ? ಗಿಟ್‌ನ ಸ್ವಂತ ಕೈಪಿಡಿಯಲ್ಲೇ ಉಲ್ಟಾ ಇದೆ. ಫಿಕ್ಸ್ ಬೇಕಾದ ಬ್ರಾಂಚ್‌ಗಳಲ್ಲಿ ಅತಿ ಹಳೆಯದಕ್ಕೆ ಮೊದಲು ಹಾಕಿ, ಆಮೇಲೆ ಮೇಲಕ್ಕೆ, ಅಂದರೆ ಹೊಸದಕ್ಕೆ, ಮರ್ಜ್ ಮಾಡುತ್ತಾ (ಸೇರಿಸುತ್ತಾ) ಬನ್ನಿ ಅನ್ನುತ್ತಾರೆ.

ಚಿಂತಾಮಣಿ ಸಿಸ್ಟಂ

ನೀವು ಹೇಳಿದ್ದು ಸರಿ. ಗಿಟ್ ಪ್ರಾಜೆಕ್ಟ್ ಹಾಗೇ ನಡೆಯುತ್ತದೆ. ಮೇಂಟ್ ಅಂತ ಹಳೇ ವರ್ಷನ್ನಿನ ಒಂದು ಬ್ರಾಂಚ್, ಅದರ ಮೇಲೆ ಮಾಸ್ಟರ್, ನೆಕ್ಸ್ಟ್, ಸೀನ್ ಅಂತ ಹೊಸ ಕೆಲಸದ ಬ್ರಾಂಚ್‌ಗಳು. ಮೇಂಟ್‌ನಲ್ಲಿ ಇರುವುದೆಲ್ಲ ಮಾಸ್ಟರ್‌ನಲ್ಲಿ ಇದ್ದೇ ಇರುತ್ತದೆ. ಯಾವ ಫಿಕ್ಸೂ ತಪ್ಪಿಹೋಗುವುದಿಲ್ಲ. ಬಹಳ ಅಚ್ಚುಕಟ್ಟು.

ಆದರೆ ಅದಕ್ಕೆ ಎರಡು ಬ್ರಾಂಚ್ ಹತ್ತಿರ ಹತ್ತಿರ ಇರಬೇಕು, ಮೇಲಕ್ಕೆ ಮರ್ಜ್ ಮಾಡುವುದು ದಿನದ ಅಭ್ಯಾಸ ಆಗಿರಬೇಕು. ಸ್ಟೇಬಲ್ ವರ್ಷಗಟ್ಟಲೆ ಉಳಿದು, ಮೇನ್ ತುಂಬ ದೂರ ಹೋಗಿದ್ದರೆ ಪ್ರತಿ ಮರ್ಜ್ ಕೂಡ ಜಗಳ. ಜಗಳ ಅಂತ ಮುಂದಕ್ಕೆ ಹಾಕುತ್ತೇವೆ. ಮುಂದಕ್ಕೆ ಹಾಕಿದ್ದು ಮರೆತುಹೋಗುತ್ತದೆ. ಆರು ತಿಂಗಳ ಮೇಲೆ ಡೈರಿಗೆ 5.0 ಹಾಕುತ್ತೀರಿ, ಅದೇ 4.35 ಬಗ್ ಮತ್ತೆ ಬರುತ್ತದೆ. ಆಗ ಕಾರ್ಯದರ್ಶಿ ಮತ್ತೆ ಯಾವತ್ತೂ ಅಪ್‌ಡೇಟ್ ಬೇಕು ಅನ್ನುವುದಿಲ್ಲ.

ಮೊದಲು ಮೇನ್‌ಗೆ ಹಾಕಿದರೆ ಈ ಅಪಾಯ ಇಲ್ಲ. ಸ್ಟೇಬಲ್‌ಗೆ ಹಾಕುವುದು ಮರೆತರೆ ಡೈರಿಯವರೇ ಫೋನ್ ಮಾಡುತ್ತಾರೆ. ಮೇನ್‌ಗೆ ಹಾಕುವುದು ಮರೆತರೆ ಯಾರೂ ಫೋನ್ ಮಾಡುವುದಿಲ್ಲ. ಮೇನ್‌ಗೆ ಕಮಿಟ್ ಮಾಡಿ (ಬದಲಾವಣೆ ದಾಖಲಿಸಿ) ಐದು ನಿಮಿಷದಲ್ಲಿ ಸ್ಟೇಬಲ್‌ಗೆ ಚೆರ್ರಿ-ಪಿಕ್ ಮಾಡಬಹುದು (ಅದೊಂದನ್ನೇ ಎತ್ತಿ ತರಬಹುದು). ಅರ್ಜೆಂಟ್‌ಗೂ ಇದಕ್ಕೂ ಜಗಳ ಇಲ್ಲ.

ಚೆರ್ರಿ-ಪಿಕ್ ಮಾಡುವಾಗ -x ಆಯ್ಕೆ ಕೊಡಿ. ಯಾವ ಕಮಿಟ್‌ನಿಂದ ತಂದಿದ್ದು ಅಂತ ಗಿಟ್ ತಾನೇ ಸಂದೇಶದ ಕೊನೆಗೆ ಒಂದು ಸಾಲು ಬರೆಯುತ್ತದೆ. ಮುಂದೆ ಯಾರಾದರೂ ಲಾಗ್ ನೋಡಿದಾಗ ಈ ಸಾಲೇ ದಾರಿ ತೋರಿಸುವುದು.

ಮಾಲೂರು ಮೊಡೆಮ್

ಫ್ರೀಬಿಎಸ್‌ಡಿ ಅನ್ನುವ ಆಪರೇಟಿಂಗ್ ಸಿಸ್ಟಂನವರೂ ಹೀಗೇ. ಕರೆಂಟ್‌ಗೆ (ಅವರ ಹೊಸ ಕೆಲಸದ ಬ್ರಾಂಚ್‌ಗೆ) ಮೊದಲು, ಕೆಲವು ದಿನ ಓಡಿಸಿ ನೋಡಿ ಆಮೇಲೆ ಸ್ಟೇಬಲ್‌ಗೆ ತರುತ್ತಾರೆ. ಅದಕ್ಕೆ ಎಂಎಫ್‌ಸಿ (ಮರ್ಜ್ ಫ್ರಮ್ ಕರೆಂಟ್) ಅಂತಾರೆ. ಎಷ್ಟು ದಿನ ಬಿಟ್ಟು ತರಬೇಕು ಅಂತ ಕಮಿಟ್ ಸಂದೇಶದಲ್ಲೇ ಬರೆದಿಡುತ್ತಾರೆ. ಅರ್ಜೆಂಟ್ ಇಲ್ಲದ ಫಿಕ್ಸ್‌ಗಳಿಗೆ ಇದು ನನಗೆ ತುಂಬಾ ಇಷ್ಟ.

ಕ್ಯಾತ್ಸಂದ್ರ ಕೋಡರ್

ಮೇನ್‌ಗೆ ಹಾಕಿದೆ. 4.2-ಸ್ಟೇಬಲ್ ಬ್ರಾಂಚ್ ಎಳೆದೆ. ಚೆರ್ರಿ-ಪಿಕ್ ಮಾಡಿದರೆ ಕಾನ್‌ಫ್ಲಿಕ್ಟ್, ಎರಡು ಕಡೆಯ ಕೋಡ್ ಹೊಂದುತ್ತಿಲ್ಲ. 4.2.0ರಲ್ಲಿ ದರದ ಲೆಕ್ಕ ಚೀಟಿ ಪ್ರಿಂಟ್ ಮಾಡುವ ಫೈಲಿನೊಳಗೇ ಇತ್ತು. ಮೇನ್‌ನಲ್ಲಿ ಅದನ್ನು ಬೇರೆ ಮಾಡ್ಯೂಲ್‌ಗೆ ತೆಗೆದಿದ್ದೇವೆ. ಆ ಬದಲಾವಣೆಯನ್ನೂ ಸ್ಟೇಬಲ್‌ಗೆ ತಂದರೆ ಫಿಕ್ಸ್ ಸಲೀಸಾಗಿ ಕೂರುತ್ತದೆ. ತರಬಹುದಾ?

ಶಿಡ್ಲಘಟ್ಟ ಸರ್ವರ್

ತರಬೇಡಿ. ಸ್ಟೇಬಲ್ ಬ್ರಾಂಚ್‌ಗಳು ಕೆಡುವುದು ಹೀಗೇ. ಒಂದು ಫಿಕ್ಸ್ ಕೂರಲಿ ಅಂತ ಒಂದು ರಿಫ್ಯಾಕ್ಟರ್ (ಕೋಡಿನ ಮರುಜೋಡಣೆ), ಆ ರಿಫ್ಯಾಕ್ಟರ್ ಕೂರಲಿ ಅಂತ ಇನ್ನೊಂದು. ಕೊನೆಗೆ ನೋಡಿದರೆ ಅರ್ಧ ಮೇನ್ ಸ್ಟೇಬಲ್‌ಗೆ ಬಂದಿರುತ್ತದೆ.

ಹಳೇ ಫೈಲಿನಲ್ಲಿ ಕೈಯಿಂದ ಬರೆಯಿರಿ. ಗುಣಿಸಿದ ಮೇಲೆ ಪೂರ್ಣಾಂಕಕ್ಕೆ ಬದಲಿಸುವ ಸಾಲು ಎಲ್ಲಿದೆಯೋ ಅಲ್ಲಿ ಕತ್ತರಿಸುವುದರ ಬದಲು ಹತ್ತಿರದ ಪೂರ್ಣಾಂಕಕ್ಕೆ ರೌಂಡ್ ಮಾಡಿ, ಅಷ್ಟೇ. ಮೇನ್‌ನಲ್ಲಿ ಇನ್ನೂ ಚೆನ್ನಾಗಿ ಮಾಡಬಹುದು. ಫ್ಯಾಟನ್ನು ಮಷಿನ್‌ನಿಂದ ಅಕ್ಷರವಾಗಿ ಓದಿ, ಚುಕ್ಕೆ ತೆಗೆದು, ಶುರುವಿನಿಂದಲೇ 435 ಅಂತ ಇಟ್ಟುಕೊಳ್ಳಬಹುದು. ಆದರೆ ಅದು ಸ್ಟೇಬಲ್‌ಗೆ ಬೇಡ. ಎರಡು ಕಡೆ ಕೋಡ್ ಬೇರೆ ಇದ್ದರೂ ಪರವಾಗಿಲ್ಲ, ಉತ್ತರ ಒಂದೇ ಬರಬೇಕು.

ಅದಕ್ಕೇ ಟೆಸ್ಟ್ ಮಾತ್ರ ಎರಡೂ ಕಡೆ ಒಂದೇ ಇರಲಿ. 3.00ರಿಂದ 6.00ರ ತನಕ 0.01 ಏರಿಸುತ್ತಾ ಹೋದರೆ ಒಟ್ಟು 301 ಸಂಖ್ಯೆ. ಒಂದನ್ನೂ ಬಿಡದೆ ಎಲ್ಲದಕ್ಕೂ ಚಾರ್ಟಿನ ಸರಿಯಾದ ಸಾಲು ಸಿಗುತ್ತಾ ನೋಡಿ. 4.35 ಒಂದಕ್ಕೇ ಟೆಸ್ಟ್ ಬರೆದು ನಿಲ್ಲಿಸಬೇಡಿ. ಅದೇ ಥರ ಕೆಳಗೆ ಜಾರುವ ಬೇರೆ ಸಂಖ್ಯೆಗಳೂ ಇರುತ್ತವೆ. ಎಸ್‌ಎನ್‌ಎಫ್ ಕಾಲಂಗೂ ಇದೇ ಲೆಕ್ಕ ಇದ್ದರೆ ಅದನ್ನೂ ಸೇರಿಸಿ.

ಕಮಿಟ್ ಸಂದೇಶದಲ್ಲಿ ಮೇನ್‌ನ ಕಮಿಟ್ ಸಂಖ್ಯೆ ಬರೆದು, "ಇಲ್ಲಿ ಮಾಡ್ಯೂಲ್ ಇಲ್ಲದ್ದರಿಂದ ಕೈಯಿಂದ ಹಾಕಿದ್ದು" ಅಂತ ಒಂದು ಸಾಲು ಸೇರಿಸಿ.

ಕೈಯಿಂದ ಹಾಕುವುದು ಅಂದಾಗ ಒಂದು ಎಚ್ಚರಿಕೆ. 2006ರಲ್ಲಿ ಡೆಬಿಯನ್‌ನವರು (ಲಿನಕ್ಸ್ ಸಿದ್ಧಮಾಡಿ ಹಂಚುವವರು) ತಮ್ಮ ಓಪನ್‌ಎಸ್‌ಎಸ್‌ಎಲ್ (ಗೂಢಲಿಪಿ ಲೈಬ್ರರಿ) ಪ್ಯಾಕೇಜಿನಲ್ಲಿ ವಾಲ್‌ಗ್ರಿಂಡ್ (ಮೆಮೊರಿ ತಪ್ಪು ಹುಡುಕುವ ಸಾಧನ) ಎಚ್ಚರಿಕೆ ಬರುತ್ತದೆ ಅಂತ ಒಂದೆರಡು ಸಾಲು ತೆಗೆದರು. ಆ ಬದಲಾವಣೆ ಮೂಲ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಇರಲೇ ಇಲ್ಲ. ಯಾದೃಚ್ಛಿಕ ಸಂಖ್ಯೆಗೆ ಪ್ರೊಸೆಸ್ ಐಡಿ ಬಿಟ್ಟು ಹೆಚ್ಚುಕಡಿಮೆ ಬೇರೆ ಆಧಾರವೇ ಉಳಿಯಲಿಲ್ಲ. ಒಂದೊಂದು ಅಳತೆಯ ಗೂಢಲಿಪಿ ಕೀಗೆ ಸುಮಾರು 32,000 ಸಾಧ್ಯತೆಗಳು ಮಾತ್ರ ಉಳಿದವು. ಹೊರಗೆ ಗೊತ್ತಾಗಿದ್ದು 2008ರ ಮೇ ತಿಂಗಳಲ್ಲಿ. ಆಮೇಲೆ ಎಷ್ಟೋ ಸರ್ವರ್‌ಗಳ ಕೀಗಳನ್ನು ಹೊಸದಾಗಿ ಮಾಡಬೇಕಾಯಿತು. ಮೇನ್‌ನಲ್ಲಿ ಇಲ್ಲದ ಬದಲಾವಣೆ ಸ್ಟೇಬಲ್‌ನಲ್ಲಿ ಮಾತ್ರ ಇದ್ದರೆ ಅದನ್ನು ನೋಡುವ ಕಣ್ಣುಗಳು ಕಡಿಮೆ. ಅದಕ್ಕೇ ಮೇನ್ ಮೊದಲು.

ಗುಬ್ಬಿ ಗೇಟ್

ನನ್ನ ಮುಖ್ಯ ಚಿಂತೆ ಬೇರೆ. "ಸ್ಟೇಬಲ್" ಅಂತ ಹೇಳಿ ಹಳೇ ಕೋಡನ್ನು ಹಾಗೇ ಬಿಟ್ಟುಬಿಡುತ್ತಾರೆ. ಹಳೇ ಲೈಬ್ರರಿ, ಹಳೇ ತೂತುಗಳು. ಅದಕ್ಕೆ ಎಲ್ಲರೂ ಹೊಸದರಲ್ಲೇ ಇರಲಿ ಅನ್ನುತ್ತೇನೆ.

ಮಾಲೂರು ಮೊಡೆಮ್

ಹೊಸದೇ ಸುರಕ್ಷಿತ ಅಂತ ಹೇಳಕ್ಕೆ ಆಗಲ್ಲ. 2024ರ ಮಾರ್ಚ್ 29ರಂದು ಎಕ್ಸ್‌ಝಡ್ (ಫೈಲ್ ಕುಗ್ಗಿಸುವ ತಂತ್ರಾಂಶ) ಒಳಗೆ ಕದ್ದು ಇಟ್ಟಿದ್ದ ಹಿಂಬಾಗಿಲು ಹೊರಗೆ ಬಂತಲ್ಲ, ನೆನಪಿದೆಯಾ? ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡೆವಲಪರ್ ಆಂಡ್ರೆಸ್ ಫ್ರಾಯ್ಂಡ್, ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ) ಲಾಗಿನ್ ಅರ್ಧ ಸೆಕೆಂಡ್ ಜಾಸ್ತಿ ತಗೊಳ್ಳುತ್ತಿದೆ ಯಾಕೆ ಅಂತ ಬೆನ್ನು ಹತ್ತಿ ಅದನ್ನು ಹಿಡಿದರು. ಹಿಂಬಾಗಿಲು ಇದ್ದದ್ದು 5.6.0 ಮತ್ತು 5.6.1ರಲ್ಲಿ, ಆಗಷ್ಟೇ ಬಂದ ವರ್ಷನ್‌ಗಳಲ್ಲಿ. ಡೆಬಿಯನ್ ಟೆಸ್ಟಿಂಗ್ ಮತ್ತು ಅನ್‌ಸ್ಟೇಬಲ್‌ಗೆ ಅದು ಬಂದಿತ್ತು. ಡೆಬಿಯನ್ ಸ್ಟೇಬಲ್‌ನಲ್ಲಿ 5.4.1 ಇತ್ತು, ಅಲ್ಲಿಗೆ ಮುಟ್ಟಲಿಲ್ಲ.

ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ತೂತು ಕೂಡ ನೋಡಿ, 2014ರ ಏಪ್ರಿಲ್. ಹಾರ್ಟ್‌ಬೀಟ್ ಅನ್ನುವ ಹೊಸ ಫೀಚರ್ 1.0.1ರಲ್ಲಿ ಬಂತು, ತೂತು ಅದರಲ್ಲೇ ಇತ್ತು. 1.0.0 ಮತ್ತು 0.9.8ರಲ್ಲಿ ಆ ಫೀಚರ್ ಇಲ್ಲ, ತೂತೂ ಇಲ್ಲ.

ಶಿಡ್ಲಘಟ್ಟ ಸರ್ವರ್

ಗುಬ್ಬಿ ಗೇಟ್ ಹೇಳುವುದರಲ್ಲೂ ಅರ್ಧ ಸತ್ಯ ಇದೆ. ಆಗ ಡೆಬಿಯನ್ ಸ್ಟೇಬಲ್‌ನಲ್ಲಿ ಇದ್ದದ್ದು 1.0.1ಇ, ಅದಕ್ಕೂ ತೂತು ಇತ್ತು. ಅವರು ಫಿಕ್ಸ್ ಇದ್ದ ಹೊಸ 1.0.1ಜಿಗೆ ಹಾರಲಿಲ್ಲ. ಫಿಕ್ಸನ್ನು ಮಾತ್ರ ತಂದು 1.0.1ಇ ಒಳಗೇ ಹಾಕಿ ಕೂಡಲೇ ಕಳಿಸಿದರು. ಫಿಕ್ಸ್ ಬರದ ಹಳೇ ವರ್ಷನ್ ಬರೀ ಹಳೇ ವರ್ಷನ್. ಫಿಕ್ಸ್ ತರುವ ಕೈ ಇದ್ದರೆ ಮಾತ್ರ ಸ್ಟೇಬಲ್ ಅನ್ನಬಹುದು.

ಇದರಿಂದ ನಿಮಗೆ ಒಂದು ಕೆಲಸ ಇದೆ. ಹೊರಗಿನಿಂದ ನೋಡಿದರೆ ಡೆಬಿಯನ್‌ನ 1.0.1ಇ ಇನ್ನೂ ತೂತಿರುವ ವರ್ಷನ್ ಹಾಗೇ ಕಾಣುತ್ತಿತ್ತು. ಪ್ಯಾಕೇಜಿನ ಪೂರ್ತಿ ಸಂಖ್ಯೆ ನೋಡಿದರೆ ಮಾತ್ರ ಗೊತ್ತಾಗುತ್ತಿತ್ತು. ನಿಮ್ಮ ಚೀಟಿಯ ಕೆಳಗೆ ಪೂರ್ತಿ ವರ್ಷನ್ ಪ್ರಿಂಟ್ ಮಾಡಿ, 4.2.1 ಅಂತ. ಬರೀ 4.2 ಬೇಡ. ರೈತನ ಕೈಯಲ್ಲಿರುವ ಚೀಟಿ ನೋಡಿದರೆ ಆ ಡೈರಿಗೆ ಫಿಕ್ಸ್ ಬಂದಿದೆಯಾ ಇಲ್ಲವಾ ತಿಳಿಯಬೇಕು.

ಕ್ಯಾತ್ಸಂದ್ರ ಕೋಡರ್

ಇದು ಬಹಳ ಉಪಯೋಗದ ಮಾತು. ಹಾಕುತ್ತೇನೆ.

ಬಂಗಾರಪೇಟೆ ಬಿಲ್ಡ್

ನಾನು ಕೋಲಾರದ ಟೊಮೆಟೊ ಮಂಡಿಗಳಿಗೆ ಬಿಲ್ಲಿಂಗ್ ಮಾಡಿಕೊಡುತ್ತೇನೆ. ಸೀಸನ್ನಿನಲ್ಲಿ ಬೆಳಗಿನ ಹರಾಜು ನಡೆಯುವಾಗ ತಂತ್ರಾಂಶ ಒಂದು ನಿಮಿಷ ನಿಂತರೂ ಲಾರಿ ನಿಲ್ಲುತ್ತದೆ. ಹಾಗಾಗಿ ಸ್ಟೇಬಲ್ ಇಲ್ಲದೆ ನಮಗೆ ನಡೆಯುವುದೇ ಇಲ್ಲ. ಬಿತ್ತನೆ ರಾಗಿಯನ್ನು ಊಟದ ರಾಗಿ ಜೊತೆ ಯಾರೂ ಬೆರೆಸುವುದಿಲ್ಲ, ಇದೂ ಹಾಗೇ.

ಎರಡು ಮಾತು ಹೇಳಬೇಕು. ಒಂದು, ಬ್ರಾಂಚ್‌ಗಳ ಸಂಖ್ಯೆ. ಪೋಸ್ಟ್‌ಗ್ರೆಸ್‌ನವರು ವರ್ಷಕ್ಕೊಂದು ದೊಡ್ಡ ವರ್ಷನ್ ಬಿಟ್ಟು ಪ್ರತಿಯೊಂದನ್ನೂ 5 ವರ್ಷ ನೋಡಿಕೊಳ್ಳುತ್ತಾರೆ. ಅಂದರೆ ಯಾವಾಗಲೂ ಐದು ಸ್ಟೇಬಲ್ ಬ್ರಾಂಚ್ ಜೀವಂತ. ಅವರ ಹತ್ತಿರ ಅಷ್ಟು ಜನ ಇದ್ದಾರೆ. ಕರ್ನಲ್‌ನವರಿಗೇ ಅದು ಭಾರವಾಯಿತು. 2023ರಲ್ಲಿ ಎಲ್‌ಟಿಎಸ್ (ದೀರ್ಘಕಾಲ ಫಿಕ್ಸ್ ಕೊಡುವ ವರ್ಷನ್) ಅವಧಿಯನ್ನು 6 ವರ್ಷದಿಂದ 2 ವರ್ಷಕ್ಕೆ ಇಳಿಸುತ್ತೇವೆ ಅಂದರು. ನೀವು ಒಂದು ಸ್ಟೇಬಲ್, ಒಂದು ಮೇನ್ ಇಟ್ಟುಕೊಳ್ಳಿ, ಸಾಕು. 5.0 ಬಂದ ಮೇಲೆ 4.2ಕ್ಕೆ ಎಷ್ಟು ದಿನ ಫಿಕ್ಸ್ ಕೊಡುತ್ತೀರಿ ಅಂತ ಈಗಲೇ ತಾರೀಖು ಬರೆದು ಡೈರಿಗಳಿಗೆ ತಿಳಿಸಿ. ತಾರೀಖು ಹೇಳದಿದ್ದರೆ ಅದು ಮುಗಿಯುವುದೇ ಇಲ್ಲ.

ಎರಡು, ಬಾಗಿಲಲ್ಲಿ ಒಬ್ಬರು ನಿಲ್ಲಬೇಕು. ಸ್ಟೇಬಲ್‌ಗೆ ಏನು ಹೋಗಬೇಕು ಅಂತ ಒಬ್ಬರೇ ತೀರ್ಮಾನ ಮಾಡಲಿ. "ಒಂದೇ ಒಂದು ಬಟನ್ ಅಣ್ಣ, ಈ ಸಲ ಸೇರಿಸಿಬಿಡಿ" ಅಂತ ಪರಿಚಯದವರೇ ಕೇಳುತ್ತಾರೆ. ಕೇಳುವುದು ತಪ್ಪಲ್ಲ. ಆದರೆ ಅದಕ್ಕೆ ಬೇಡ ಅನ್ನುವ ಅಧಿಕಾರ ತಂಡದಲ್ಲಿ ಯಾರಿಗೋ ಇರಬೇಕು, ಉಳಿದವರು ಅವರ ಬೆನ್ನಿಗೆ ನಿಲ್ಲಬೇಕು.

ತಿಪಟೂರು ಟೆಸ್ಟರ್

ಡೇಟಾಬೇಸ್ ಬಗ್ಗೆ ಯಾರೂ ಪೂರ್ತಿ ಮಾತಾಡಲಿಲ್ಲ. ನನ್ನ ಪ್ರಕಾರ ಜಾಸ್ತಿ ಏಟು ಬೀಳುವುದು ಅಲ್ಲೇ.

ಮೇನ್‌ನಲ್ಲಿ ಸಾಲದ ಟೇಬಲ್‌ಗೆ ಮೈಗ್ರೇಶನ್ (ಡೇಟಾಬೇಸ್ ರಚನೆ ಬದಲಿಸುವ ಸ್ಕ್ರಿಪ್ಟ್) ಸಂಖ್ಯೆ 31 ಅಂತ ಇಟ್ಟುಕೊಳ್ಳಿ. ಸ್ಟೇಬಲ್‌ನಲ್ಲಿ ಕೊನೆಯದು 30. ನಾಳೆ ಸ್ಟೇಬಲ್‌ಗೂ ಯಾವುದೋ ಫಿಕ್ಸ್‌ಗಾಗಿ ಒಂದು ಕಾಲಂ ಬೇಕಾಯಿತು, ಅದಕ್ಕೂ 31 ಅಂತ ಸಂಖ್ಯೆ ಕೊಟ್ಟರು. ಆಮೇಲೆ ಆ ಡೈರಿಗೆ 5.0 ಹಾಕಿದಾಗ, 31 ಆಗಿಹೋಗಿದೆ ಅಂತ ತಂತ್ರಾಂಶ ಸುಮ್ನೆ ಮುಂದೆ ಹೋಗುತ್ತದೆ. ಸಾಲದ ಟೇಬಲ್ ಸೃಷ್ಟಿಯೇ ಆಗುವುದಿಲ್ಲ. ಬಟವಾಡೆ ದಿನ ಎರರ್.

ಸ್ಟೇಬಲ್‌ನಲ್ಲಿ ಸ್ಕೀಮಾ (ಟೇಬಲ್‌ಗಳ ರಚನೆ) ಮುಟ್ಟದಿರುವುದೇ ಮೊದಲ ನಿಯಮ ಆಗಲಿ. ಮುಟ್ಟಲೇಬೇಕಾಗಿ ಬಂದರೆ ಕಾಲಂ ಸೇರಿಸುವುದು ಮಾತ್ರ, ತೆಗೆಯುವುದು ಅಥವಾ ಹೆಸರು ಬದಲಿಸುವುದು ಬೇಡ. ಮೈಗ್ರೇಶನ್‌ಗೆ 31, 32 ಅನ್ನುವ ಬದಲು ತಾರೀಖು-ಸಮಯ ಇರುವ ಹೆಸರು ಕೊಡಿ, ಯಾವುದು ಓಡಿದೆ ಅಂತ ಒಂದೊಂದನ್ನೂ ಬೇರೆ ಬೇರೆ ಬರೆದಿಡಿ. ಅದೇ ಕಾಲಂ ಮೇನ್‌ನಲ್ಲೂ ಅದೇ ಹೆಸರಿನಲ್ಲಿ ಇರಲಿ.

ಟೆಸ್ಟ್ ಮಾಡುವಾಗ ಖಾಲಿ ಡೇಟಾಬೇಸ್ ಮೇಲೆ ಮಾತ್ರ 5.0 ಹಾಕಿ ನೋಡಬೇಡಿ. 4.2ರ ಕೊನೆಯ ಸ್ಟೇಬಲ್ ಇರುವ, ನಿಜವಾಗಿ ಬಳಸಿದ ಡೇಟಾಬೇಸಿನ ಪ್ರತಿ ತಗೊಂಡು ಅದರ ಮೇಲೆ ಹಾಕಿ. ರೈತರ ಹೆಸರು, ಖಾತೆ ಸಂಖ್ಯೆ ಮೊದಲು ಅಳಿಸಿಬಿಡಿ.

ಗುಬ್ಬಿ ಗೇಟ್

ತಿಪಟೂರಿನವರ ಮಾತು ಒಪ್ಪಿದೆ. ಫ್ಲ್ಯಾಗ್ ಇದ್ದಿದ್ದರೂ ಆ ಟೇಬಲ್ ಎಲ್ಲರ ಕಂಪ್ಯೂಟರಿಗೂ ಹೋಗುತ್ತಿತ್ತು.

ಆದರೂ ಫ್ಲ್ಯಾಗ್ ಪೂರ್ತಿ ಕೈಬಿಡಬೇಡಿ. ಮೇನ್‌ನಲ್ಲಿ ಅರ್ಧ ಕೆಲಸ ಫ್ಲ್ಯಾಗ್ ಹಿಂದೆ ಇದ್ದರೆ ಮೇನ್ ಯಾವಾಗಲೂ ಬಿಲ್ಡ್ ಆಗುವ ಸ್ಥಿತಿಯಲ್ಲಿರುತ್ತದೆ, 5.0 ಬೇಗ ಬರುತ್ತದೆ. 5.0 ಬೇಗ ಬಂದರೆ 4.2-ಸ್ಟೇಬಲ್ ಹೊರುವ ದಿನ ಕಡಿಮೆ. ನಾನು ವೆಬ್ ಕೆಲಸ ಮಾಡುವವನು. ನಮ್ಮಲ್ಲಿ ಜಗತ್ತಿಗೆಲ್ಲ ಒಂದೇ ವರ್ಷನ್ ಓಡುತ್ತದೆ, ಅದಕ್ಕೆ ಒಂದೇ ಬ್ರಾಂಚ್ ಸಾಕು. 2010ರಲ್ಲಿ ಗಿಟ್-ಫ್ಲೋ ಅನ್ನುವ ಬ್ರಾಂಚ್ ಪದ್ಧತಿ ಬರೆದ ವಿನ್ಸೆಂಟ್ ಡ್ರೀಸನ್ 2020ರಲ್ಲಿ ಅದರ ಮೇಲೇ ಒಂದು ಟಿಪ್ಪಣಿ ಸೇರಿಸಿದರು. ಬಿಡುವಿಲ್ಲದೆ ರಿಲೀಸ್ ಆಗುವ ವೆಬ್ ತಂತ್ರಾಂಶಕ್ಕೆ ಸರಳ ಪದ್ಧತಿ ಸಾಕು, ಹೊರಗೆ ಹಲವು ವರ್ಷನ್‌ಗಳನ್ನು ನೋಡಿಕೊಳ್ಳಬೇಕಾದವರಿಗೆ ಇದು ಈಗಲೂ ಹೊಂದಬಹುದು ಅಂತ. ಪೆನ್‌ಡ್ರೈವ್‌ನಲ್ಲಿ ಅಪ್‌ಡೇಟ್ ಹೋಗುವ ನೀವು ಎರಡನೇ ಗುಂಪು.

ಚಿಂತಾಮಣಿ ಸಿಸ್ಟಂ

ಸಣ್ಣ ಸಲಹೆ. ಎರಡು ಬ್ರಾಂಚ್ ನಡುವೆ ಓಡಾಡಲು ಪ್ರತಿ ಸಲ ಚೆಕ್‌ಔಟ್ ಬದಲಿಸಬೇಡಿ. ಗಿಟ್ ವರ್ಕ್‌ಟ್ರೀ ಬಳಸಿ. ಒಂದೇ ರೆಪೊ (ಕೋಡಿನ ಭಂಡಾರ), ಎರಡು ಫೋಲ್ಡರ್: ಒಂದರಲ್ಲಿ ಮೇನ್, ಇನ್ನೊಂದರಲ್ಲಿ 4.2-ಸ್ಟೇಬಲ್. ಅರ್ಜೆಂಟ್ ಫೋನ್ ಬಂದಾಗ ಅರ್ಧ ಬರೆದ ಕೋಡನ್ನು ಎಲ್ಲೋ ಬಚ್ಚಿಡುವ ಕಷ್ಟ ತಪ್ಪುತ್ತದೆ.

ಕ್ಯಾತ್ಸಂದ್ರ ಕೋಡರ್

ಎಲ್ಲರಿಗೂ ಧನ್ಯವಾದ. ಕೈಯಿಂದ ಫಿಕ್ಸ್ ಹಾಕಿದೆ, ಹಳೇ ಫೈಲಿನಲ್ಲಿ ಬದಲಾಗಿದ್ದು ಎರಡೇ ಸಾಲು. 301 ಸಂಖ್ಯೆಗಳ ಟೆಸ್ಟ್ ಎರಡೂ ಬ್ರಾಂಚಿನಲ್ಲಿ ಪಾಸ್. ಶಿಡ್ಲಘಟ್ಟದವರು ಹೇಳಿದ್ದು ನಿಜ, ಹಳೇ ಕೋಡಿನ ಮೇಲೆ ಓಡಿಸಿದಾಗ 4.35 ಒಂದೇ ಅಲ್ಲ, ಇನ್ನೂ ಕೆಲವು ಸಂಖ್ಯೆ ಜಾರುತ್ತಿದ್ದವು. ಎಸ್‌ಎನ್‌ಎಫ್‌ನಲ್ಲೂ ಅದೇ. ಎಲ್ಲಾ ಸೇರಿ 4.2.1 ಟ್ಯಾಗ್ ಮಾಡಿದೆ.

ಸ್ಟೇಬಲ್ ಬಾಗಿಲು ಕಾಯಲು ನಮ್ಮಲ್ಲಿ ಸಪೋರ್ಟ್ ಫೋನ್ ಎತ್ತುವವರನ್ನೇ ಇಟ್ಟಿದ್ದೇವೆ. ಯಾವ ಬಗ್‌ನಿಂದ ಡೈರಿಗೆ ನಿಜವಾಗಿ ತೊಂದರೆ ಅಂತ ಅವರಿಗೇ ಚೆನ್ನಾಗಿ ಗೊತ್ತು. 5.0 ಬಂದ ಮೇಲೆ ಒಂದು ವರ್ಷ 4.2ಕ್ಕೆ ಫಿಕ್ಸ್ ಕೊಡುತ್ತೇವೆ ಅಂತ ಪತ್ರ ಬರೆದು ಕಳಿಸುತ್ತಿದ್ದೇವೆ. ಮೈಗ್ರೇಶನ್ ಹೆಸರು ಬದಲಿಸುವ ಕೆಲಸ ಈ ವಾರ.

ಉಳಿದಿರುವುದು ಒಂದೇ. ಕೆಲವು ಡೈರಿಗಳಲ್ಲಿ ಇನ್ನೂ 32-ಬಿಟ್ ವಿಂಡೋಸ್ 7 ಇದೆ. ನಮ್ಮ ಆಫೀಸಿನಲ್ಲಿ ಅಂಥ ಯಂತ್ರ ಇಲ್ಲ. ಯಾರ ಹತ್ತಿರವಾದರೂ ಇದೆಯಾ? ಪೆನ್‌ಡ್ರೈವ್ ಹಂಚುವ ಮೊದಲು ಅದರ ಮೇಲೆ ಒಮ್ಮೆ ಓಡಿಸಿ ನೋಡಬೇಕು.

ತಿಪಟೂರು ಟೆಸ್ಟರ್

ನನ್ನ ಹತ್ತಿರ ಇದೆ, ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಸಮೇತ. ಶನಿವಾರ ಬನ್ನಿ. ಬರುವಾಗ 4.2.0 ಇನ್‌ಸ್ಟಾಲರ್ ಕೂಡ ತನ್ನಿ, ಅದರ ಮೇಲೆ 4.2.1 ಹಾಕಿ ಚೀಟಿ ಪ್ರಿಂಟ್ ತೆಗೆದೇ ನೋಡೋಣ.